ಬಾರ್ಟನ್ ಫಿಂಕ್

1991ರಲ್ಲಿ ತೆರೆಕಂಡ ಅಮೆರಿಕದ ಚಲನಚಿತ್ರ. ಸಹೋದರರಾದ ಜೋಯೆಲ್ ಕೋಯೆನ್ ಮತ್ತು ಈಥನ್ ಕೋಯೆನ್ ಕೂಡಿ ಬರೆದದ್ದು. ನಿರ್ದೇಶನ ಜೋಯೆಲ್ ಅವರದು, ನಿರ್ಮಾಣ ಈಥನ್ ಅವರದು. ಹಾಲಿವುಡ್‌ಗೆ ಬಂದ ನಾಟಕಕಾರನೊಬ್ಬ ಹೋಟೆಲ್ ಕೋಣೆಯಲ್ಲಿ ಕುಳಿತು ಚಿತ್ರಕಥೆಯೊಂದನ್ನು ಬರೆಯಲಾಗದೆ ಒದ್ದಾಡುವುದು ಕಥೆಯ ಎಳೆ. ಅಸಂಗತ ನಾಟಕದ ಧಾಟಿ, ಕರಾಳ ಹಾಸ್ಯ, ಪತ್ತೇದಾರಿ, ಭಯಾನಕ ಎಲ್ಲವೂ ಇದರಲ್ಲಿ ಕಲಸಿಕೊಂಡಿವೆ. ಇಂಥದೇ ಪ್ರಕಾರ ಎಂದು ಚೀಟಿ ಅಂಟಿಸಲು ಹೊರಟವರಿಗೆ ಚಿತ್ರ ಸುಲಭವಾಗಿ ಸಿಗುವುದಿಲ್ಲ.

ಕಾಲ 1941. ನ್ಯೂಯಾರ್ಕಿನ ಯಹೂದಿ ಲೇಖಕ ಬಾರ್ಟನ್ ಫಿಂಕ್ (ಜಾನ್ ಟರ್ಟೂರೊ) ಮೀನು ಮಾರುವವರ ಬದುಕಿನ ಮೇಲೆ ಬರೆದ ನಾಟಕ ಬ್ರಾಡ್‌ವೇಯಲ್ಲಿ ಗೆದ್ದಿದೆ. ಜನಸಾಮಾನ್ಯರಿಗಾಗಿ ಹೊಸ ರಂಗಭೂಮಿ ಕಟ್ಟುತ್ತೇನೆಂಬ ಹುಮ್ಮಸ್ಸಿನಲ್ಲಿರುವ ಅವನು ಒಲ್ಲದ ಮನಸ್ಸಿನಿಂದಲೇ ಕ್ಯಾಪಿಟಲ್ ಪಿಕ್ಚರ್ಸ್ ಎಂಬ ಸ್ಟುಡಿಯೊದ ಕರಾರಿಗೆ ಒಪ್ಪಿ ಲಾಸ್ ಏಂಜಲಿಸ್‌ಗೆ ಬರುತ್ತಾನೆ. ಮಾಲೀಕ ಜಾಕ್ ಲಿಪ್ನಿಕ್ (ಮೈಕಲ್ ಲರ್ನರ್) ಅವನನ್ನು ಅಟ್ಟಕ್ಕೇರಿಸಿ ಹೊಗಳಿ, ನಟ ವಾಲೆಸ್ ಬೀರಿಗಾಗಿ ಒಂದು ಕುಸ್ತಿ ಚಿತ್ರ ಬರೆಯಲು ಹೇಳುತ್ತಾನೆ. ಬಾರ್ಟನ್‌ಗೆ ಕುಸ್ತಿಯ ಗಂಧಗಾಳಿಯಿಲ್ಲ. ಟೈಪ್‌ರೈಟರ್ ಮುಂದೆ ಕುಳಿತರೆ ಮೂಡುವುದು ಮತ್ತದೇ ನ್ಯೂಯಾರ್ಕಿನ ಬಡವರ ವಠಾರ, ದೂರದಲ್ಲಿ ಮೀನು ಮಾರುವವರ ಕೂಗು. ಅದರಾಚೆಗೆ ಹಾಳೆ ಬಿಳಿ.

ಅವನು ಇಳಿದುಕೊಂಡಿರುವ ಹೋಟೆಲ್ ಅರ್ಲ್ ಚಿತ್ರದ ಮತ್ತೊಂದು ಪಾತ್ರವೆಂದೇ ಹೇಳಬೇಕು. ಸೆಕೆಗೆ ಗೋಡೆಯ ಕಾಗದ ಕಿತ್ತು ಜೋತುಬೀಳುತ್ತದೆ; ಹಿಂದಿನಿಂದ ಅಂಟು ಕೀವಿನಂತೆ ಒಸರುತ್ತದೆ. ಮುಂಗಟ್ಟೆಯ ಗಂಟೆಯನ್ನು ಒತ್ತಿದರೆ ಅದರ ನಾದ ನಿಲ್ಲುವುದೇ ಇಲ್ಲ. ಓಣಿಯಲ್ಲಿ ಬಾಗಿಲು ಬಾಗಿಲಿಗೂ ಜೋಡುಗಳಿವೆ, ಅವುಗಳ ಯಜಮಾನರು ಮಾತ್ರ ಕಾಣುವುದಿಲ್ಲ. ರಾತ್ರಿಯೆಲ್ಲ ಒಂದು ಸೊಳ್ಳೆ ಕಾಡುತ್ತದೆ, ಇದು ಮರುಭೂಮಿ, ಇಲ್ಲಿ ಸೊಳ್ಳೆಯೇ ಇಲ್ಲವೆಂದು ಸ್ಟುಡಿಯೊದವನು ಸಾಧಿಸುತ್ತಾನೆ. ಗೋಡೆಯ ಮೇಲೆ ಕಡಲತೀರದಲ್ಲಿ ಬೆನ್ನು ಹಾಕಿ ಕುಳಿತ ಹೆಣ್ಣಿನ ಒಂದು ಅಗ್ಗದ ಚಿತ್ರ.

ಪಕ್ಕದ ಕೋಣೆಯಲ್ಲಿ ವಿಮೆ ಮಾರುವ ಚಾರ್ಲಿ ಮೆಡೋಸ್ (ಜಾನ್ ಗುಡ್‌ಮನ್) ಇದ್ದಾನೆ. ಸ್ಥೂಲಕಾಯ, ಸೋರುವ ಕಿವಿ, ಸ್ನೇಹದ ಮಾತು. ಬಾರ್ಟನ್ ಹಗಲಿರುಳು ಹಂಬಲಿಸುವ ಜನಸಾಮಾನ್ಯ ಇವನೇ. ಆದರೆ ಅವನು ತನ್ನ ಬಳಿ ಬೇಕಾದಷ್ಟು ಕಥೆಗಳಿವೆ ಎಂದು ಬಾಯಿ ತೆರೆದಾಗಲೆಲ್ಲ ಬಾರ್ಟನ್ ನಡುವೆ ಬಾಯಿ ಹಾಕಿ ಜನಸಾಮಾನ್ಯರ ಬಗ್ಗೆ ಭಾಷಣ ಬಿಗಿಯುತ್ತಾನೆ. ಇನ್ನೂ ಸೊಗಸೆಂದರೆ ಚಾರ್ಲಿಗೆ ಕುಸ್ತಿ ಗೊತ್ತು. ನೆಲಕ್ಕೆ ಬಗ್ಗಿ, ಬಾರ್ಟನ್‌ನನ್ನೂ ಬಗ್ಗಿಸಿ, ಒಂದು ಪಟ್ಟು ಹಾಕಿ ಕ್ಷಣದಲ್ಲಿ ಕೆಡವಿ ತೋರಿಸುತ್ತಾನೆ. ಬರೆಯಬೇಕಾದ ವಸ್ತು ಮೈಮೇಲೆ ಬಿದ್ದರೂ ಲೇಖಕನಿಗೆ ಅದು ಹೊಳೆಯುವುದಿಲ್ಲ. ಹಾಲಿವುಡ್ಡಿನ ದುಡ್ಡು ಪ್ರತಿಭೆಯನ್ನು ನುಂಗಿತೆಂಬ ಹಳೆಯ ದೂರನ್ನು ಈ ಚಿತ್ರಕ್ಕೆ ಹೊರಿಸುವವರಿದ್ದಾರೆ. ಬಾರ್ಟನ್‌ನ ಏಕಾಂತವನ್ನು ಸ್ಟುಡಿಯೊ ತಂದು ಹೇರಿದ್ದಲ್ಲ, ಕಿವಿ ಮುಚ್ಚಿಕೊಂಡು ಅವನೇ ಕಟ್ಟಿಕೊಂಡದ್ದು. ಚಿತ್ರದ ಹಾಸ್ಯಕ್ಕೂ ಕ್ರೌರ್ಯಕ್ಕೂ ಬೇರು ಇಲ್ಲಿಯೇ.

ಮುಂದಿನದು ದುಃಸ್ವಪ್ನದ ಜಾಡು. ಕುಡುಕ ಕಾದಂಬರಿಕಾರ ಮೇಹ್ಯೂನ (ಜಾನ್ ಮಹೋನಿ) ಹೆಸರಿನಲ್ಲಿ ಬರೆಯುತ್ತಿದ್ದವಳು ಅವನ ಕಾರ್ಯದರ್ಶಿ ಆಡ್ರಿ (ಜೂಡಿ ಡೇವಿಸ್) ಎಂದು ತಿಳಿಯುತ್ತದೆ. ಬಾರ್ಟನ್‌ಗೆ ನೆರವಾಗಲು ಬಂದ ಅವಳು ಬೆಳಗಾಗುವಷ್ಟರಲ್ಲಿ ಅವನ ಹಾಸಿಗೆಯಲ್ಲೇ ಹೆಣವಾಗಿದ್ದಾಳೆ. ಹೆಣವನ್ನು ಸಾಗಿಸಿದ ಚಾರ್ಲಿ, ಒಂದು ಪೊಟ್ಟಣವನ್ನು ಜೋಪಾನವಾಗಿಡಲು ಕೊಟ್ಟು ಊರಿಗೆ ಹೊರಡುತ್ತಾನೆ. ತಾನು ಕೊಂದವರ ತಲೆ ಕಡಿಯುವ ಕಾರ್ಲ್ ಮುಂಟ್ ಎಂಬ ಹಂತಕ ಅವನೇ ಎಂದು ಪತ್ತೇದಾರರು ಹೇಳುತ್ತಾರೆ. ಬರವಣಿಗೆ ಕಿತ್ತುಕೊಂಡು ಬರುವುದು ಆಗಲೇ! ಕೊನೆಗೆ ಹೋಟೆಲಿನ ಓಣಿಯೇ ಹೊತ್ತಿ ಉರಿಯುತ್ತಿರುವಾಗ ಮರಳಿ ಬಂದ ಚಾರ್ಲಿ ಬಾರ್ಟನ್ ಮೇಲೆ ಹೊರಿಸುವ ಆರೋಪ ಒಂದೇ, ನೀನು ಕೇಳಿಸಿಕೊಳ್ಳುವುದಿಲ್ಲ. ಪೊಟ್ಟಣದಲ್ಲಿ ಏನಿತ್ತೆಂದು ಚಿತ್ರ ಹೇಳುವುದಿಲ್ಲ. ಇತ್ತ ಯುದ್ಧ ಬಂದಿದೆ. ಲಿಪ್ನಿಕ್ ತನ್ನ ಸ್ಟುಡಿಯೊದ ಉಡುಪು ವಿಭಾಗದಲ್ಲಿ ಕರ್ನಲ್ ಸಮವಸ್ತ್ರ ಹೊಲಿಸಿಕೊಂಡು ಕುಳಿತಿದ್ದಾನೆ. ಚಿತ್ರಕಥೆಯನ್ನು ಅವನು ತಿರಸ್ಕರಿಸುತ್ತಾನೆ, ಕರಾರನ್ನು ಮಾತ್ರ ಬಿಡುವುದಿಲ್ಲ: ಬಾರ್ಟನ್ ಏನು ಬರೆದರೂ ಅದು ಸ್ಟುಡಿಯೊದ ಸ್ವತ್ತು, ಅದರಲ್ಲಿ ಒಂದನ್ನೂ ಚಿತ್ರ ಮಾಡುವುದಿಲ್ಲ.

ಪಾತ್ರಗಳ ಹಿಂದೆ ನಿಜವಾದ ವ್ಯಕ್ತಿಗಳ ನೆರಳಿದೆ. ಬಾರ್ಟನ್‌ನ ವೇಷಭೂಷಣ, ನಿಲುವು ಗ್ರೂಪ್ ಥಿಯೇಟರ್‌ನ ನಾಟಕಕಾರ ಕ್ಲಿಫರ್ಡ್ ಒಡೆಟ್ಸ್ ಅವರನ್ನು ನೆನಪಿಸುತ್ತವೆ. ಮೇಹ್ಯೂ ಥೇಟ್ ವಿಲಿಯಂ ಫಾಕ್ನರ್. ವಾಲೆಸ್ ಬೀರಿ ಜಟ್ಟಿಯಾಗಿ ನಟಿಸಿದ ‘ಫ್ಲೆಶ್’ ಎಂಬ ಚಿತ್ರ 1932ರಲ್ಲಿ ನಿಜವಾಗಿಯೂ ಬಂದಿತ್ತು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಫಾಕ್ನರ್ ಕಾದಂಬರಿಗಳನ್ನು ಬೇರೆ ಯಾರೋ ಬರೆದುಕೊಟ್ಟದ್ದಲ್ಲ. ಒಡೆಟ್ಸ್ ಕೂಡ ‘ಸ್ವೀಟ್ ಸ್ಮೆಲ್ ಆಫ್ ಸಕ್ಸೆಸ್’ನಂಥ (1957) ಚಿತ್ರಕ್ಕೆ ಕೈಯಿಟ್ಟವರು. ಲಿಪ್ನಿಕ್‌ನಲ್ಲಿ ಲೂಯಿ ಬಿ. ಮೇಯರ್, ಜಾಕ್ ವಾರ್ನರ್ ಮುಂತಾದ ಆ ಕಾಲದ ದೊರೆಗಳೆಲ್ಲ ಅಷ್ಟಷ್ಟು ಸೇರಿದ್ದಾರೆ.

ಕೋಯೆನ್ ಸಹೋದರರು ‘ಮಿಲ್ಲರ್ಸ್ ಕ್ರಾಸಿಂಗ್’ (1990) ಚಿತ್ರದ ತೊಡಕಾದ ಕಥೆಯನ್ನು ಅರ್ಧಕ್ಕೆ ಬದಿಗಿಟ್ಟು ಇದನ್ನು ಸುಮಾರು ಮೂರು ವಾರಗಳಲ್ಲಿ ಬರೆದು ಮುಗಿಸಿದರು. ಟರ್ಟೂರೊ, ಗುಡ್‌ಮನ್ ಇಬ್ಬರ ಪಾತ್ರಗಳನ್ನೂ ಅವರನ್ನು ಕಣ್ಣಮುಂದಿಟ್ಟುಕೊಂಡೇ ಬರೆಯಲಾಯಿತು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಇವರ ಜೊತೆ ದುಡಿದ ಮೊದಲ ಚಿತ್ರವಿದು. ಬಚ್ಚಲ ಬೇಸಿನ್ನಿನ ತೂತಿನೊಳಕ್ಕೆ ಕ್ಯಾಮರಾ ಇಳಿದುಹೋಗುವ ದೃಶ್ಯ ಈಗಲೂ ಚರ್ಚೆಗೆ ಬರುತ್ತದೆ. ಸಂಗೀತ ಕಾರ್ಟರ್ ಬರ್ವೆಲ್ ಅವರದು, ಶಬ್ದವಿನ್ಯಾಸ ಸ್ಕಿಪ್ ಲೀವ್ಸೆ ಅವರದು. ಕೇಳಿಸಿಕೊಳ್ಳದವನ ಕಥೆಯಲ್ಲಿ ಗೋಡೆಯಾಚೆಯ ಅಳು, ನಗು, ಬಾಗಿಲು ತೆರೆದಾಗ ಗಾಳಿ ಹೀರಿದಂಥ ಸದ್ದು ಪ್ರೇಕ್ಷಕನಿಗೆ ಬಿಡದೆ ಕೇಳಿಸುತ್ತಿರುತ್ತವೆ. ಲೀವ್ಸೆ ಕೆಲಸಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

1991ರ ಕಾನ್ ಚಲನಚಿತ್ರೋತ್ಸವದಲ್ಲಿ ಇದು ಅತ್ಯುನ್ನತ ಪ್ರಶಸ್ತಿಯಾದ ಪಾಮ್ ಡೋರ್ ಜೊತೆಗೆ ನಿರ್ದೇಶನ ಹಾಗೂ ನಟನ ಪ್ರಶಸ್ತಿಗಳನ್ನೂ ಬಾಚಿಕೊಂಡಿತು. ಒಂದೇ ಚಿತ್ರಕ್ಕೆ ಹೀಗೆ ಎಲ್ಲವೂ ಸಲ್ಲದಂತೆ ಉತ್ಸವದ ನಿಯಮವನ್ನು ಆಮೇಲೆ ಬಿಗಿಗೊಳಿಸಲಾಯಿತು. ತೀರ್ಪುಗಾರರ ಅಧ್ಯಕ್ಷರಾಗಿದ್ದವರು ರೋಮನ್ ಪೊಲಾನ್‌ಸ್ಕಿ. ಮುಚ್ಚಿದ ಕೋಣೆಯಲ್ಲಿ ಮನಸ್ಸು ಕದಡುವ ಅವರ ‘ರಿಪಲ್ಷನ್’ (1965), ‘ದಿ ಟೆನೆಂಟ್’ (1976) ಚಿತ್ರಗಳ ಋಣ ಬಾರ್ಟನ್ ಫಿಂಕ್ ಮೇಲೆ ಎದ್ದು ಕಾಣುತ್ತದೆಂಬುದು ತಮಾಷೆಯ ಸಂಗತಿ. ಆಸ್ಕರ್‌ಗೆ ಲರ್ನರ್ ಅವರ ಪೋಷಕ ನಟನೆ, ಕಲಾ ನಿರ್ದೇಶನ, ವಸ್ತ್ರವಿನ್ಯಾಸ ಹೀಗೆ ಮೂರು ನಾಮನಿರ್ದೇಶನ ದೊರೆತರೂ ಒಂದೂ ಕೈಗೆ ಬರಲಿಲ್ಲ. ಸುಮಾರು 90 ಲಕ್ಷ ಡಾಲರ್ ವೆಚ್ಚದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು 60 ಲಕ್ಷದ ಆಸುಪಾಸು. ಕ್ಯಾಪಿಟಲ್ ಪಿಕ್ಚರ್ಸ್ ಮಾತ್ರ ಮುಚ್ಚಲಿಲ್ಲ. 2016ರ ‘ಹೇಲ್, ಸೀಸರ್!’ ಚಿತ್ರದಲ್ಲಿ ಕೋಯೆನ್ ಸಹೋದರರು ಅದೇ ಹೆಸರಿನ ಸ್ಟುಡಿಯೊವನ್ನು ಮತ್ತೆ ತೆರೆದರು.