ಪಬ್ಬಿನ ಮಹಡಿಯಲ್ಲಿ ಹುಟ್ಟುವ ನಾಟಕಗಳು

ಕೆಳಗೆ ಬಿಯರ್ ಮಾರುವ ಪಬ್. ಅದರ ಮಹಡಿಯಲ್ಲೋ ಹಿಂಬದಿಯ ಕೋಣೆಯಲ್ಲೋ ಐವತ್ತು ಅರವತ್ತು ಜನ ಕೂರುವ ರಂಗಮಂದಿರ. ಲಂಡನ್ನಿನಲ್ಲಿ ಇದನ್ನು ಪಬ್ ಥಿಯೇಟರ್ ಎನ್ನುತ್ತಾರೆ. ಬೆಂಗಳೂರಿನ ರಂಗಶಂಕರದಲ್ಲಿ ಸುಮಾರು ಮುನ್ನೂರು ಜನ ಕೂರಬಹುದು. ಈ ಕೋಣೆಗಳಲ್ಲಿ ಅದರ ಐದನೇ ಒಂದು ಪಾಲು ಜನ ಬಂದರೂ ಹೌಸ್‌ಫುಲ್. ಆದರೂ ಇಂದಿನ ಬ್ರಿಟಿಷ್ ರಂಗಭೂಮಿಯ ಹಲವು ದೊಡ್ಡ ಹೆಸರುಗಳು ಮೊದಲು ಕೇಳಿಬಂದದ್ದು ಇಂಥ ಕೋಣೆಗಳಲ್ಲೇ. ಹೊಸ ನಾಟಕಕಾರರ ಕೃತಿ ರಂಗಕ್ಕೆ ಬರಲು ಆ ನಗರದಲ್ಲಿ ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ.

ಕಾನೂನು ಸಡಿಲಾದ ಮೇಲೆ

ಹೋಟೆಲಿಗೂ ನಾಟಕಕ್ಕೂ ಲಂಡನ್ನಿನಲ್ಲಿ ನಂಟು ಹಳೆಯದು. ಷೇಕ್ಸ್‌ಪಿಯರನ ಕಾಲದಲ್ಲಿ ಬುಲ್, ಬೆಲ್, ಕ್ರಾಸ್ ಕೀಸ್ ಮುಂತಾದ ವಸತಿಗೃಹಗಳಲ್ಲಿ ನಟರ ತಂಡಗಳು ಆಡುತ್ತಿದ್ದವು. ಆದರೆ ಈಗಿನ ಪಬ್ ಥಿಯೇಟರಿನ ಕಥೆ ಶುರುವಾಗುವುದು 1968ರ ಥಿಯೇಟರ್ಸ್ ಕಾಯಿದೆಯ ಆಸುಪಾಸಿನಲ್ಲಿ. ಅಲ್ಲಿಯವರೆಗೆ, ಅಂದರೆ 1737ರಿಂದ, ಸಾರ್ವಜನಿಕವಾಗಿ ಆಡುವ ಪ್ರತಿ ಹೊಸ ನಾಟಕದ ಹಸ್ತಪ್ರತಿಯೂ ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯ ಒಪ್ಪಿಗೆ ಪಡೆಯಬೇಕಿತ್ತು. ಆ ಸೆನ್ಸಾರ್ ಹೋದಮೇಲೆ, ಬರೆದ ನಾಟಕವನ್ನು ಆಡಲು ಅರಮನೆಯ ಅಪ್ಪಣೆಗೆ ಕಾಯಬೇಕಾಗಲಿಲ್ಲ.

1970ರಲ್ಲಿ ಡ್ಯಾನ್ ಕ್ರಾಫರ್ಡ್ ಎಂಬ ಅಮೆರಿಕನ್ ಇಸ್ಲಿಂಗ್ಟನ್ನಿನ ಕಿಂಗ್ಸ್ ಹೆಡ್ ಪಬ್ಬಿನ ಹಿಂಬದಿಯ ಕೋಣೆಯನ್ನು ರಂಗಮಂದಿರ ಮಾಡಿದ. ಹಿಂದೊಮ್ಮೆ ಬಾಕ್ಸಿಂಗ್ ನಡೆಯುತ್ತಿದ್ದ ಕೋಣೆ ಅದು. 1971ರಲ್ಲಿ ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾದ ಮೇಲೂ ಕ್ರಾಫರ್ಡ್ ತನ್ನ ಪಬ್ಬಿನ ಗಲ್ಲಾದಲ್ಲಿ ವರ್ಷಗಟ್ಟಲೆ ಷಿಲ್ಲಿಂಗು, ಪೆನ್ನಿಗಳ ಹಳೆಯ ಲೆಕ್ಕವನ್ನೇ ನಡೆಸಿದ. 2005ರಲ್ಲಿ ತೀರಿಕೊಳ್ಳುವವರೆಗೂ ಆ ರಂಗಮಂದಿರ ಅವನ ಕೈಯಲ್ಲೇ ಇತ್ತು. 1972ರಲ್ಲಿ ನಟ ಬ್ರಯನ್ ಮೆಕ್‌ಡರ್ಮಟ್ ಷೆಪರ್ಡ್ಸ್ ಬುಷ್‌ನ ಪಬ್ಬೊಂದರ ಮೇಲೆ, ಮೊದಲು ನೃತ್ಯಶಾಲೆಯಾಗಿದ್ದ ಕೋಣೆಯಲ್ಲಿ, ಬುಷ್ ಥಿಯೇಟರ್ ತೆರೆದ. 1979ರಲ್ಲಿ ನಾಟಿಂಗ್ ಹಿಲ್‌ನ ಗೇಟ್, ಮರುವರ್ಷ ಅರ್ಲ್ಸ್ ಕೋರ್ಟಿನ ಫಿನ್‌ಬರೋ ಬಂದವು.

ಮನೆ ನಂಬರ್ 503

ದಕ್ಷಿಣ ಲಂಡನ್ನಿನ ಬ್ಯಾಟರ್ಸೀ ಪಾರ್ಕ್ ರಸ್ತೆಯಲ್ಲಿ ಲ್ಯಾಚ್‌ಮಿಯರ್ ಎಂಬ ಪಬ್ ಇದೆ. ಅದರ ಮಹಡಿಯಲ್ಲಿ 1980ರ ದಶಕದಿಂದಲೂ ಬೇರೆ ಬೇರೆ ಹೆಸರಿನಲ್ಲಿ ನಾಟಕ ನಡೆಯುತ್ತಿತ್ತು. ಈಗ ಅದು ಥಿಯೇಟರ್503. ಕಟ್ಟಡದ ಬಾಗಿಲ ನಂಬರೇ ಅದರ ಹೆಸರು. ಸೀಟು 63. ಹೊಸ ಬರವಣಿಗೆಯೇ ಇಲ್ಲಿ ಮುಖ್ಯ ಕೆಲಸ, ಅದರಲ್ಲೂ ಇದುವರೆಗೆ ಒಂದು ನಾಟಕವೂ ರಂಗಕ್ಕೆ ಬಾರದವರ ಬರವಣಿಗೆ.

ಇಲ್ಲಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ಮುಖ್ಯ ನಾಟಕ ನಡೆಯುತ್ತಿರುವಾಗ ಹೊಸ ಬರಹಗಾರರು ಬಂದು ಅದನ್ನು ನೋಡುತ್ತಾರೆ. ಅದಕ್ಕೆ ಉತ್ತರವಾಗಿ, ತಕರಾರಾಗಿ ಅಥವಾ ಮುಂದುವರಿಕೆಯಾಗಿ ಹತ್ತು ನಿಮಿಷದ ಕಿರುನಾಟಕ ಬರೆದು ಕಳಿಸುತ್ತಾರೆ. ಆಯ್ದವನ್ನು, ಮುಖ್ಯ ನಾಟಕಕ್ಕೆ ಬಿಡುವಿರುವ ರಾತ್ರಿಗಳಲ್ಲಿ ಅದೇ ರಂಗದ ಮೇಲೆ ನಟರು ಆಡುತ್ತಾರೆ. ಇದರ ಹೆಸರು ರ‍್ಯಾಪಿಡ್ ರೈಟ್ ರೆಸ್ಪಾನ್ಸ್. ಬರೆದವನಿಗೆ ತನ್ನ ಮಾತು ನಟನ ಬಾಯಲ್ಲಿ ಎಲ್ಲಿ ಸಲೀಸಾಗಿ ಹರಿಯಿತು, ಎಲ್ಲಿ ತಡವರಿಸಿತು ಎಂಬುದು ಅಂದೇ ತಿಳಿಯುತ್ತದೆ. ಯಾವ ಕಮ್ಮಟವೂ ಇಷ್ಟು ಬೇಗ ಇಷ್ಟನ್ನು ಕಲಿಸಲಾರದು.

2009ರ ಜೂನ್‌ನಲ್ಲಿ ಇದೇ ಮಹಡಿಯಲ್ಲಿ ಕಟೋರಿ ಹಾಲ್ ಎಂಬ ತರುಣ ಅಮೆರಿಕನ್ ನಾಟಕಕಾರ್ತಿಯ ‘ದಿ ಮೌಂಟನ್‌ಟಾಪ್’ ಮೊದಲ ಬಾರಿಗೆ ರಂಗಕ್ಕೆ ಬಂತು. ಪಾತ್ರಗಳು ಎರಡೇ. ಮಾರ್ಟಿನ್ ಲೂಥರ್ ಕಿಂಗ್ ತನ್ನ ಹತ್ಯೆಯ ಹಿಂದಿನ ರಾತ್ರಿ, 1968ರ ಏಪ್ರಿಲ್ 3ರಂದು, ಮೆಂಫಿಸ್‌ನ ಲೊರೇನ್ ಮೋಟೆಲಿನ ಕೋಣೆಯಲ್ಲಿದ್ದಾನೆ. ಕಾಫಿ ತಂದುಕೊಡುವ ಕೆಲಸದಾಕೆ ಒಳಗೆ ಬರುತ್ತಾಳೆ. ಮೋಟೆಲ್ ಕೋಣೆಯ ಕಥೆ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕೋಣೆಯಲ್ಲಿ ನಡೆಯಿತು. ಕಿಂಗ್‌ನ ಆಯಾಸ, ಭಯ, ಸಿಗರೇಟಿಗಾಗಿ ಅವನ ಚಡಪಡಿಕೆ ಪ್ರೇಕ್ಷಕರಿಂದ ಒಂದೆರಡು ಮಾರು ದೂರದಲ್ಲಿ ಮಾತ್ರ ಇದ್ದವು. ಮರುತಿಂಗಳೇ ನಾಟಕ ದೊಡ್ಡ ರಂಗಮಂದಿರಗಳಿರುವ ವೆಸ್ಟ್ ಎಂಡ್‌ನ ಟ್ರಫಾಲ್ಗರ್ ಸ್ಟುಡಿಯೋಸ್‌ಗೆ ಹೋಯಿತು. 2010ರಲ್ಲಿ ಅತ್ಯುತ್ತಮ ಹೊಸ ನಾಟಕಕ್ಕೆ ಕೊಡುವ ಒಲಿವಿಯರ್ ಪ್ರಶಸ್ತಿಗೆ ಜೆಜ್ ಬಟರ್‌ವರ್ತ್‌ನ ‘ಜೆರೂಸಲೆಂ’ ಕೂಡ ಕಣದಲ್ಲಿತ್ತು. ಗೆದ್ದದ್ದು ಪಬ್ಬಿನ ಮಹಡಿಯಿಂದ ಬಂದ ನಾಟಕ. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ ಕಟೋರಿ ಹಾಲ್. 2011ರಲ್ಲಿ ಸ್ಯಾಮ್ಯುಯೆಲ್ ಎಲ್. ಜ್ಯಾಕ್ಸನ್ ಮತ್ತು ಆ್ಯಂಜೆಲಾ ಬ್ಯಾಸೆಟ್ ಅದನ್ನು ಬ್ರಾಡ್‌ವೇಯಲ್ಲಿ ಆಡಿದರು. ಹತ್ತು ವರ್ಷಗಳ ನಂತರ ಹಾಲ್‌ಗೆ ಬೇರೊಂದು ನಾಟಕಕ್ಕಾಗಿ ಪುಲಿಟ್ಜರ್ ಬಂತು.

ಒಬ್ಬ ಬರಹಗಾರನನ್ನು ಬೆಳೆಸುವುದು

ಒಂದು ನಾಟಕ ಗೆದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಒಬ್ಬನೇ ಬರಹಗಾರನಿಗೆ ಮತ್ತೆ ಮತ್ತೆ ಅವಕಾಶ ಕೊಡುವುದು. ಐವತ್ತು ಸೀಟಿನ ಫಿನ್‌ಬರೋ ಅದನ್ನು ಮಾಡಿ ತೋರಿಸಿದೆ. 1999ರಿಂದ ಅದರ ಕಲಾ ನಿರ್ದೇಶಕ ನೀಲ್ ಮೆಕ್‌ಫರ್ಸನ್. ಒಂದೋ ಹೊಸ ನಾಟಕ, ಇಲ್ಲವೇ ಲಂಡನ್ ಇಪ್ಪತ್ತೈದು ವರ್ಷಗಳಿಂದ ಕಾಣದ ಹಳೆಯ ನಾಟಕ: ಆಯ್ಕೆಗೆ ಅವರಿಟ್ಟುಕೊಂಡ ನಿಯಮ ಇದು.

ಜೇಮ್ಸ್ ಗ್ರಹಾಂ ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದ. 2005ರಲ್ಲಿ ಐನ್‌ಸ್ಟೈನ್ ಕುರಿತ ‘ಆಲ್ಬರ್ಟ್ಸ್ ಬಾಯ್’, 2006ರಲ್ಲಿ ಸೂಯೆಜ್ ಬಿಕ್ಕಟ್ಟಿನ ‘ಈಡನ್ಸ್ ಎಂಪೈರ್’, 2007ರಲ್ಲಿ ಮಾರ್ಗರೆಟ್ ಥ್ಯಾಚರ್ ಕುರಿತ ‘ಲಿಟ್ಲ್ ಮೇಡಮ್’, ಹೀಗೆ ಒಂದರ ಹಿಂದೊಂದು ಆಡಿದವು. ದೇಶದ ರಾಜಕೀಯ ಚರಿತ್ರೆಯನ್ನು ನಾಲ್ಕಾರು ನಟರಲ್ಲಿ ಹಿಡಿಯುವುದು ಹೇಗೆಂದು ಅವನು ಕಲಿತದ್ದು ಈ ಕೋಣೆಯಲ್ಲಿ. 2012ರಲ್ಲಿ ಸಂಸತ್ತಿನ ಒಳಜಗಳವನ್ನೇ ವಸ್ತುವಾಗಿಸಿದ ‘ದಿಸ್ ಹೌಸ್’ ನ್ಯಾಷನಲ್ ಥಿಯೇಟರಿಗೆ ಬಂದಾಗ ಅದು ಏಕಾಏಕಿ ಬಂದ ಪ್ರತಿಭೆಯಾಗಿರಲಿಲ್ಲ. ಹ್ಯಾರಿ ಪಾಟರ್ ನಾಟಕ ಬರೆದ ಜ್ಯಾಕ್ ಥಾರ್ನ್‌ನ ಆರಂಭದ ನಾಟಕವೊಂದೂ 2007ರಲ್ಲಿ ಇಲ್ಲಿ ಆಡಿತು.

ಇಸ್ಲಿಂಗ್ಟನ್ನಿನ ಓಲ್ಡ್ ರೆಡ್ ಲಯನ್ ಪಬ್ಬಿನಲ್ಲಿ ನೀನಾ ರೈನ್‌ಳ ಮೊದಲ ನಾಟಕ ‘ರ‍್ಯಾಬಿಟ್’ 2006ರಲ್ಲಿ ಶುರುವಾಯಿತು. ಆರ್ಥರ್ ಮಿಲ್ಲರ್ ವಿದ್ಯಾರ್ಥಿಯಾಗಿದ್ದಾಗ, 1936ರಲ್ಲಿ, ಬರೆದ ‘ನೋ ವಿಲನ್’ ಅದೇ ಕೋಣೆಯಲ್ಲಿ 2015ರಲ್ಲಿ ಮೊದಲ ಸಲ ರಂಗ ಕಂಡಿತು. ಮಹಾನ್ ನಾಟಕಕಾರನ ಎಳೆಯ ಕೃತಿಗೂ ಎಪ್ಪತ್ತೊಂಬತ್ತು ವರ್ಷ ಕಳೆದು ಜಾಗ ಕೊಟ್ಟದ್ದು ಪಬ್ಬೇ.

ಕೋಣೆಯ ಕಟ್ಟುಪಾಡು

ಸೈಡ್‌ವಿಂಗ್ ಇಲ್ಲ, ಎತ್ತರದ ಸೂರಿಲ್ಲ. ಎಷ್ಟೋ ಕಡೆ ಪ್ರೇಕ್ಷಕರು ಬರುವ ಬಾಗಿಲೇ ನಟರ ಪ್ರವೇಶ. ನಾಟಕ ಸಾಮಾನ್ಯವಾಗಿ ಮೂರು ನಾಲ್ಕು ವಾರ ನಡೆಯುತ್ತದೆ. ಬಿಡುವಿನ ದಿನಗಳಲ್ಲಿ ಇನ್ನೊಂದು ತಂಡ ಅದೇ ರಂಗಸಜ್ಜಿಕೆಯ ಮೇಲೆ ತನ್ನ ನಾಟಕ ಆಡಿಕೊಳ್ಳಬೇಕು. ಹೀಗಾಗಿ ಬರೆಯುವವರು ಪಾತ್ರಗಳನ್ನು ಕಡಿಮೆ ಮಾಡುತ್ತಾರೆ, ದೃಶ್ಯ ಬದಲಿಸುವ ಹೊರೆಯನ್ನು ಮಾತಿಗೆ ಮತ್ತು ಬೆಳಕಿಗೆ ವಹಿಸುತ್ತಾರೆ. ನಟನೆಯೂ ಬೇರೆಯಾಗುತ್ತದೆ. ದನಿ ಏರಿಸಿ ಕೊನೆಯ ಸಾಲು ಮುಟ್ಟುವ ಅಗತ್ಯವಿಲ್ಲ, ಆದರೆ ಕಣ್ಣಿನಲ್ಲಿ ಸುಳ್ಳಿದ್ದರೆ ಮೊದಲ ಸಾಲಿಗೂ ಗೊತ್ತಾಗುತ್ತದೆ, ಕೊನೆಯ ಸಾಲಿಗೂ ಗೊತ್ತಾಗುತ್ತದೆ. ಫುಟ್‌ಬಾಲ್ ಪಂದ್ಯದ ರಾತ್ರಿ ಕೆಳಗಿನಿಂದ ಬರುವ ಕೂಗನ್ನೂ ಸಹಿಸಿಕೊಂಡೇ ಆಡಬೇಕು.

ದುಡ್ಡಿನ ಲೆಕ್ಕ

ಈ ಪದ್ಧತಿಯ ನೋವಿನ ಜಾಗ ಇದು. ಅರವತ್ತು ಸೀಟೂ ತುಂಬಿದರೂ ಬರುವ ಹಣದಲ್ಲಿ ಕೋಣೆಯ ಬಾಡಿಗೆ, ತಾಲೀಮಿನ ಜಾಗ, ಸಜ್ಜಿಕೆ, ಪ್ರಚಾರ ಕಳೆದರೆ ಮಿಕ್ಕುವುದು ಅಷ್ಟಕ್ಕಷ್ಟೇ. ಬಹುಕಾಲ ನಡೆದುಬಂದದ್ದು ಲಾಭದಲ್ಲಿ ಪಾಲು ಎಂಬ ಏರ್ಪಾಡು: ಉಳಿದರೆ ಹಂಚಿಕೊಳ್ಳೋಣ ಎನ್ನುವುದು. ಹೆಚ್ಚಿನ ಸಲ ಉಳಿಯುತ್ತಿರಲಿಲ್ಲ. ಹಗಲು ಕಾಫಿ ಅಂಗಡಿಯಲ್ಲಿ ದುಡಿದು ರಾತ್ರಿ ಬಿಟ್ಟಿ ನಟಿಸುವ ತರುಣರ ಮೇಲೆ ಈ ರಂಗಭೂಮಿ ನಿಂತಿತ್ತು, ಈಗಲೂ ಎಷ್ಟೋ ಕಡೆ ನಿಂತಿದೆ. ಮನೆಯಿಂದ ದುಡ್ಡು ಬರುವವರು ಮಾತ್ರ ಇದನ್ನು ಬಹುದಿನ ತಾಳಬಲ್ಲರು. ಹೊಸ ದನಿಗಳಿಗೆ ಬಾಗಿಲು ತೆರೆಯುವ ಜಾಗವೇ ಬಡವರ ಮಕ್ಕಳಿಗೆ ಬಾಗಿಲು ಮುಚ್ಚುವುದು ಅನ್ಯಾಯ. ಬೇರೆ ದಾರಿ ಇಲ್ಲವೆಂದೇನಲ್ಲ: 2013ರಲ್ಲಿ ಹೋಪ್ ಅಂಡ್ ಆ್ಯಂಕರ್ ಪಬ್ಬಿನಲ್ಲಿ ಶುರುವಾದ, ಐವತ್ತೇ ಸೀಟಿನ ಹೋಪ್ ಥಿಯೇಟರ್, ನಟರ ಸಂಘ ಈಕ್ವಿಟಿಯೊಡನೆ ಒಪ್ಪಂದ ಮಾಡಿಕೊಂಡು ಕಾನೂನುಬದ್ಧ ವೇತನ ಕೊಡುವುದಾಗಿ ಹೇಳಿಯೇ ಬಾಗಿಲು ತೆರೆಯಿತು.

ಪಬ್ ಬಿಟ್ಟು ಹೊರಟವರು

ಹಳೆಯ ಕಟ್ಟಡದ ಕಡಿದಾದ ಮೆಟ್ಟಿಲು ಗಾಲಿಕುರ್ಚಿಯಲ್ಲಿ ಬರುವವರಿಗೆ ದಾಟಲಾಗದ ಗೋಡೆ. ಕಿಲ್ಬರ್ನ್‌ನ ಕಾಕ್ ಟ್ಯಾವರ್ನ್ ಥಿಯೇಟರ್ 2011ರಲ್ಲಿ ಮುಚ್ಚಿದ್ದೂ ಮೆಟ್ಟಿಲಿನ ಸುರಕ್ಷತೆಯ ಕಾರಣಕ್ಕೇ. ‘ಲಾ ಬೊಹೆಮ್’ ಒಪೆರಾದ ಅಲ್ಲಿ ಹುಟ್ಟಿದ ಪ್ರಯೋಗ ಅದೇ ವರ್ಷ ಒಲಿವಿಯರ್ ಗೆದ್ದಿತ್ತು. ಬುಷ್ 2011ರಲ್ಲಿ ಹತ್ತಿರದ ಹಳೆಯ ಗ್ರಂಥಾಲಯದ ಕಟ್ಟಡಕ್ಕೆ ಹೋಯಿತು. ಗೇಟ್ 2022ರಲ್ಲಿ ತನ್ನ ಪಬ್ ತೊರೆಯಿತು. ಕಿಂಗ್ಸ್ ಹೆಡ್ 2024ರ ಆರಂಭದಲ್ಲಿ ಪಬ್ಬಿನ ಹಿಂದೆಯೇ ಕಟ್ಟಿದ ಹೊಸ ರಂಗಮಂದಿರಕ್ಕೆ ಇಳಿಯಿತು.

ಲಂಡನ್ನಿಗೆ ಹೋಗುವ ಕನ್ನಡಿಗರು ವೆಸ್ಟ್ ಎಂಡ್‌ನ ಸಂಗೀತನಾಟಕ ನೋಡದೆ ಬರುವುದಿಲ್ಲ. ಅದರ ಜೊತೆಗೆ ಒಂದು ಸಂಜೆಯನ್ನು ಫಿನ್‌ಬರೋಗೋ ಲ್ಯಾಚ್‌ಮಿಯರಿನ ಮಹಡಿಗೋ ಎತ್ತಿಡಿ. ಟಿಕೆಟ್ ಅಗ್ಗ. ಇಂಥ ಕಡೆ ಸೀಟಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ, ಹಾಗಾಗಿ ಸ್ವಲ್ಪ ಬೇಗ ಹೋಗಿ. ಹೆಸರು ಕೇಳದ ನಾಟಕಕಾರನ ನಾಟಕವನ್ನೇ ಆರಿಸಿಕೊಳ್ಳಿ.