ಗಿಡ್ಡ ಕಾಲಿನ ನಾಯಿಯ ಉದ್ದ ಚರಿತ್ರೆ

ನಮ್ಮ ಕಡೆ ತೋಟದ ಮನೆಗಳಲ್ಲಿ ಡ್ಯಾಶ್‌ಹೌಂಡ್ ಈಗ ಮಾಮೂಲಿ ಆಗಿದೆ. ಮೊದಲು ಪೇಟೆಯವರ ಮನೇಲಿ ನೋಡ್ತಿದ್ದ ನಾಯಿ, ಈಗ ಕೊಟ್ಟಿಗೆ ಪಕ್ಕದಲ್ಲೂ ಓಡಾಡ್ತಿದೆ. ಗಾತ್ರ ಚಿಕ್ಕದು, ಗಂಟಲು ಮಾತ್ರ ದೊಡ್ಡ ನಾಯಿದು. ಮಕ್ಕಳಿಗೂ ಇಷ್ಟ. ಆದ್ರೆ ನಾಲ್ಕೈದು ವರ್ಷ ಕಳೆಯೋ ಹೊತ್ತಿಗೆ "ನಮ್ಮ ನಾಯಿಗೆ ಹಿಂದಿನ ಕಾಲು ಬಿದ್ದೋಯ್ತು" ಅನ್ನೋ ಮಾತೂ ಕೇಳಿಬರುತ್ತೆ. ವಾಯು ಅಂತಾರೆ, ಶೀತ ಅಂತಾರೆ, ಯಾರೋ ಹೊಡೆದಿರಬೇಕು ಅಂತಾರೆ. ಕಾರಣ ಆ ನಾಯಿಯ ಚರಿತ್ರೆಯಲ್ಲಿದೆ. ಅದನ್ನ ತಿಳಿದುಕೊಂಡ್ರೆ ಸಾಕೋ ರೀತಿಯೂ ತಾನಾಗೇ ಅರ್ಥ ಆಗುತ್ತೆ ಅಂತ ಇಷ್ಟುದ್ದ ಬರೀತಿದ್ದೀನಿ.

ಹೆಸರಿಂದಲೇ ಶುರು ಮಾಡೋಣ. ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಅಂದ್ರೆ ಬ್ಯಾಜರ್, 'ಹುಂಡ್' ಅಂದ್ರೆ ನಾಯಿ. ಬ್ಯಾಜರ್ ಅನ್ನೋದು ನಮ್ಮ ತರಕರಡಿಯ ದೂರದ ನೆಂಟ. ಹತ್ತು ಹನ್ನೆರಡು ಕೆಜಿ ತೂಗುತ್ತೆ, ಉಗುರು ಗಟ್ಟಿ, ಹಲ್ಲು ಇನ್ನೂ ಗಟ್ಟಿ, ನೆಲದೊಳಗೆ ಕವಲು ಕವಲಾಗಿ ಬಿಲ ತೋಡಿಕೊಂಡು ಇರುತ್ತೆ. ಅದನ್ನ ಹಿಡಿಯೋಕೆ ಬಿಲದೊಳಗೇ ನುಗ್ಗೋ ನಾಯಿ ಬೇಕಿತ್ತು. 18ನೇ ಶತಮಾನದ ಆರಂಭದ ಜರ್ಮನ್ ಬೇಟೆ ಪುಸ್ತಕಗಳಲ್ಲೇ ಈ ಬ್ಯಾಜರ್ ನಾಯಿಗಳ ಪ್ರಸ್ತಾಪ ಬರುತ್ತೆ. ಬೇಟೆಗಾರರು ಮತ್ತು ಅರಣ್ಯ ಕಾಯೋರ ಕೈಯಲ್ಲಿ ತಲೆಮಾರುಗಟ್ಟಲೆ ಆಯ್ಕೆಯಾಗಿ ಬಂದ ತಳಿ ಇದು.

ಕೆಲಸ ಹೇಗಿತ್ತು ಅಂದ್ರೆ, ನಾಯಿ ಒಳಗೆ ಹೋಗಿ ಬ್ಯಾಜರ್‌ನ ಮೂಲೆಗೆ ಒತ್ತಿ ಬೊಗಳ್ತಾ ನಿಲ್ಲಬೇಕು. ಮೇಲೆ ಬೇಟೆಗಾರರು ನೆಲಕ್ಕೆ ಕಿವಿ ಕೊಟ್ಟು, ಸದ್ದು ಬಂದ ಜಾಗದಲ್ಲಿ ಅಗೀತಾರೆ. ಅದಕ್ಕೇ ಆ ದೊಡ್ಡ ಗಂಟಲು. ಮುಂಗಾಲು ಸಲಿಕೆ ಥರ ಅಗಲ, ಬಿಲದೊಳಗೆ ದಮ್ಮು ಕಟ್ಟದ ಹಾಗೆ ಆಳವಾದ ಎದೆಗೂಡು, ಕಚ್ಚಿದ್ರೂ ಹರಿಯದ ಸಡಿಲ ಚರ್ಮ. ಕತ್ತಲಲ್ಲಿ ಯಜಮಾನನ ಮಾತು ಕೇಳಿಸಲ್ಲ, ತೀರ್ಮಾನ ತಾನೇ ತಗೋಬೇಕು. ಕರೆದ್ರೆ ಬರಲ್ಲ, ಹಠಮಾರಿ ಅಂತ ನಾವು ಬೈಯೋ ಗುಣ ಅಲ್ಲಿಂದ ಬಂದಿದ್ದು. ನಮ್ಮ ಮುಧೋಳ ನಾಯಿ ನೋಡಿ. ಬಯಲುಸೀಮೆಯಲ್ಲಿ ಕಣ್ಣಿಗೆ ಕಂಡ ಮೊಲವನ್ನ ಅಟ್ಟಿಸಿಕೊಂಡು ಹೋಗೋಕೆ ಉದ್ದ ಕಾಲು. ಇದಕ್ಕೆ ಬಿಲ, ಹಾಗಾಗಿ ಗಿಡ್ಡ ಕಾಲು. ನೆಲಕ್ಕೆ ತಕ್ಕ ಮೈ.

ಉದ್ದ ಕೂದಲಿನದು, ಒರಟು ಕೂದಲಿನದು, ನಮ್ಮಲ್ಲಿ ಹೆಚ್ಚು ಕಾಣೋ ನುಣುಪು ಕೂದಲಿನದು ಅಂತ ಮೂರು ಬಗೆ. ಮೊಲದ ಬಿಲಕ್ಕೂ ಹೋಗಲಿ ಅಂತ ಇನ್ನೂ ಚಿಕ್ಕ ಗಾತ್ರ ಮಾಡಿದ್ರು. ಜರ್ಮನಿಯಲ್ಲಿ ಗಾತ್ರ ವಿಂಗಡಿಸೋಕೆ ಎದೆ ಸುತ್ತಳತೆ ಅಳೀತಾರೆ. ಬಿಲದಲ್ಲಿ ಸಿಕ್ಕಿಹಾಕಿಕೊಳ್ಳೋದು ಎದೆ ತಾನೇ.

19ನೇ ಶತಮಾನದಲ್ಲಿ ಇದು ಬಿಲದಿಂದ ಅರಮನೆಗೆ ಬಂತು. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಸಾಕಿದಳು, ರಾಣಿ ಸಾಕಿದ ಮೇಲೆ ಊರೆಲ್ಲ ಸಾಕಿತು. ಇಂಗ್ಲೆಂಡಿನಲ್ಲಿ 1881ರಲ್ಲಿ, ಜರ್ಮನಿಯಲ್ಲಿ 1888ರಲ್ಲಿ ತಳಿ ಸಂಘಗಳು ಹುಟ್ಟಿದವು. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ತನ್ನ ಎರ್ಡ್‌ಮನ್ ಅನ್ನೋ ಡ್ಯಾಶ್‌ಹೌಂಡ್ ಸತ್ತಾಗ ಕಾಸೆಲ್ ಊರಿನ ಅರಮನೆ ಉದ್ಯಾನದಲ್ಲಿ ಕಲ್ಲು ನೆಡಿಸಿದ.

ಅದೇ ನಂಟು ಮುಂದೆ ನಾಯಿಗೆ ಮುಳುವಾಯ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡ್, ಅಮೆರಿಕದ ವ್ಯಂಗ್ಯಚಿತ್ರಗಾರರು ಜರ್ಮನಿಯನ್ನ ತೋರಿಸೋಕೆ ಡ್ಯಾಶ್‌ಹೌಂಡ್ ಬರೆದರು. ಜನ ಸಾಕೋದನ್ನೇ ಬಿಟ್ಟರು. ಅಮೆರಿಕದಲ್ಲಿ ಜರ್ಮನ್ ಹೆಸರು ಬೇಡ ಅಂತ 'ಬ್ಯಾಜರ್ ಡಾಗ್', 'ಲಿಬರ್ಟಿ ಪಪ್' ಅಂತೆಲ್ಲ ಕರೆದರು. ಯುದ್ಧ ಮಾಡಿದವರು ಯಾರೋ, ಮುಖ ಕೆಟ್ಟಿದ್ದು ನಾಯಿದು. 1972ರ ಮ್ಯೂನಿಕ್ ಒಲಿಂಪಿಕ್ಸ್ ಹೊತ್ತಿಗೆ ಮಾನ ಮರಳಿತ್ತು. ಒಲಿಂಪಿಕ್ಸ್‌ನ ಮೊದಲ ಅಧಿಕೃತ ಲಾಂಛನ ಪ್ರಾಣಿ 'ವಾಲ್ಡಿ' ಅನ್ನೋ ಬಣ್ಣಬಣ್ಣದ ಡ್ಯಾಶ್‌ಹೌಂಡ್. ಮ್ಯಾರಥಾನ್ ಓಟದ ದಾರಿಯನ್ನೂ ನಕ್ಷೆಯಲ್ಲಿ ಅದೇ ನಾಯಿಯ ಆಕಾರಕ್ಕೆ ಹಾಕಿದ್ರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಮ್ಮ ಭತ್ತದಲ್ಲಿ ಐಆರ್ 8 ತಳಿ 1966ರಲ್ಲಿ ಬಂದಿದ್ದು ನೆನಪಿರಬಹುದು. ಒಂದೇ ಒಂದು ಜೀನ್‌ನಿಂದ ಪೈರು ಗಿಡ್ಡ ಆಯ್ತು, ಗೊಬ್ಬರ ಕೊಟ್ಟರೂ ಬೀಳದೆ ನಿಂತಿತು. ಡ್ಯಾಶ್‌ಹೌಂಡ್ ಕಥೆಯೂ ಹೀಗೇ. ಎಫ್‌ಜಿಎಫ್4 ಅನ್ನೋ ಜೀನ್‌ನ ಹೆಚ್ಚುವರಿ ಪ್ರತಿಯೊಂದು ಕಾಲಿನ ಮೂಳೆ ಬೆಳವಣಿಗೆಯನ್ನ ಬೇಗ ನಿಲ್ಲಿಸುತ್ತೆ ಅಂತ 2009ರಲ್ಲಿ ಗೊತ್ತಾಯ್ತು. 2017ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಅದೇ ಜೀನ್‌ನ ಇನ್ನೊಂದು ಪ್ರತಿಯನ್ನ ಬೇರೆ ಕ್ರೋಮೋಸೋಮಿನಲ್ಲಿ ಪತ್ತೆ ಮಾಡಿದ್ರು. ಇದು ಕಾಲನ್ನೂ ಗಿಡ್ಡ ಮಾಡುತ್ತೆ, ಬೆನ್ನುಮೂಳೆ ಮಧ್ಯದ ಮೆತ್ತೆಯಂಥ ಡಿಸ್ಕ್‌ಗಳನ್ನೂ ಕೆಡಿಸುತ್ತೆ. ಮರಿ ಇದ್ದಾಗಲೇ ಡಿಸ್ಕ್ ಸುಣ್ಣಗಟ್ಟೋಕೆ ಶುರು. ಮೂರರಿಂದ ಏಳು ವರ್ಷದೊಳಗೆ ಯಾವತ್ತೋ ಒಂದಿನ ಒಡೆದು ನರದ ಹುರಿಗೆ ಒತ್ತುತ್ತೆ. ಇಡೀ ಆಯಸ್ಸಿನಲ್ಲಿ ನಾಲ್ಕೈದು ಡ್ಯಾಶ್‌ಹೌಂಡ್‌ಗಳಲ್ಲಿ ಒಂದಕ್ಕೆ ಈ ತೊಂದರೆ ಬರುತ್ತೆ.

ಬೇಟೆಗೆ ಬೇಕಾದ ಗಿಡ್ಡ ಕಾಲಿನ ಜೊತೆಗೇ ಈ ರೋಗವೂ ಬಂತು. ಬೇಟೆಗಾರನಿಗೆ ಕೆಲಸ ಮಾಡೋ ಅಷ್ಟು ಉದ್ದ ಮೈ ಸಾಕಿತ್ತು. ಪ್ರದರ್ಶನದ ಕಾಲ ಬಂದ ಮೇಲೆ ಇನ್ನೂ ಉದ್ದ, ಇನ್ನೂ ಗಿಡ್ಡ ಅಂತ ಆಸೆ ಬೆಳೀತು. 2024ರಲ್ಲಿ ಜರ್ಮನಿ ಸರ್ಕಾರ ಪ್ರಾಣಿ ರಕ್ಷಣಾ ಕಾಯ್ದೆಗೆ ತಿದ್ದುಪಡಿ ಕರಡು ತಂದು, ನೋವು ಕೊಡೋ ಮೂಳೆ ದೋಷ ಇರೋ ಪ್ರಾಣಿಗಳ ಸಂತಾನ ತಡೀಬೇಕು ಅಂದಾಗ, ಡ್ಯಾಶ್‌ಹೌಂಡ್ ತಳಿಗೇ ಕುತ್ತು ಬಂತು ಅಂತ ಅಲ್ಲಿನ ಶ್ವಾನ ಸಂಘ ಗಲಾಟೆ ಎಬ್ಬಿಸಿತು. ತಳಿಯನ್ನ ನಿಷೇಧ ಮಾಡೋ ಉದ್ದೇಶ ಇಲ್ಲ ಅಂತ ಸರ್ಕಾರ ಸಮಜಾಯಿಷಿ ಕೊಡಬೇಕಾಯ್ತು. ಹುಟ್ಟಿದ ಊರಲ್ಲೇ ಈ ಮಾತು ಬಂದಿದೆ ಅಂದ್ರೆ ನಾವೂ ಯೋಚಿಸಬೇಕು.

ಹಾಗಾದ್ರೆ ಸಾಕೋರು ಏನು ಮಾಡ್ಬೇಕು?

ಮೊದಲನೇದು ತೂಕ. ಹಾಲು ಅನ್ನ, ಮುದ್ದೆ, ಉಳಿದ ಬಿರಿಯಾನಿ ಎಲ್ಲ ಹಾಕಿ ದಿಂಬಿನ ಥರ ಮಾಡ್ಬೇಡಿ. ಕೈಯಾಡಿಸಿದ್ರೆ ಪಕ್ಕೆಲುಬು ಸಿಗಬೇಕು, ಮೇಲಿಂದ ನೋಡಿದ್ರೆ ಸೊಂಟ ಕಾಣಬೇಕು. ಮೊಟ್ಟೆ, ಮಾಂಸ ಲೆಕ್ಕ ಹಾಕಿ ಕೊಡಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವ ನಾಯಿಗೂ ಬೇಡ. ದಿನಾ ನಡೆಸಿ, ಬೆನ್ನು ಹಿಡಿದು ನಿಲ್ಲಿಸೋದು ಮಾಂಸಖಂಡವೇ.

ಎರಡನೇದು ಹಾರೋದು. ಜಗಲಿಯಿಂದ, ಮಂಚದಿಂದ, ಜೀಪಿನಿಂದ ಹಾರೋಕೆ ಬಿಡಬೇಡಿ. ಒಂದು ಹಲಗೆ ಇಳಿಜಾರಾಗಿ ಇಟ್ಟರೆ ಸಾಕು. ಎತ್ತುವಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಬೆನ್ನು ಸಮವಾಗಿರಬೇಕು. ಮಕ್ಕಳು ಮುಂಗಾಲು ಹಿಡಿದು ನೇತಾಡಿಸದ ಹಾಗೆ ಮೊದಲೇ ಹೇಳಿಕೊಡಿ. ಕುತ್ತಿಗೆ ಪಟ್ಟಿಗಿಂತ ಎದೆಗೆ ಹಾಕೋ ಪಟ್ಟಿ ಒಳ್ಳೇದು.

ಮೂರನೇದು ಬಿಲ. ಇದು ನಮ್ಮಂಥ ರೈತರಿಗೇ ಹೇಳಬೇಕಾದ ಮಾತು. ಇನ್ನೂರು ಮುನ್ನೂರು ವರ್ಷದ ಹಳೇ ಚಾಳಿ ಹೋಗಲ್ಲ, ಹೆಗ್ಗಣದ ಬಿಲ ಕಂಡ್ರೆ ತಲೆ ತೂರಿಸುತ್ತೆ. ಅಲ್ಲಿ ಯುರೋಪಿನ ಬ್ಯಾಜರ್ ಇತ್ತು, ಇಲ್ಲಿ ಅದೇ ಬಿಲದಲ್ಲಿ ನಾಗರಹಾವು ಇರುತ್ತೆ. ಗದ್ದೆ ಬದುವಿನ ಹತ್ರ ಬಿಚ್ಚಿ ಬಿಡಬೇಡಿ. ಇಲಿ ಪಾಷಾಣ ಇಟ್ಟಿದ್ದರೆ ನಾಯಿ ಕಟ್ಟಿಹಾಕಿ, ಪಾಷಾಣ ತಿಂದ ಇಲಿ ತಿಂದರೂ ಅಪಾಯ. ರೇಬಿಸ್ ಲಸಿಕೆ ಜೊತೆ ಇಲಿ ಜ್ವರದ ಲಸಿಕೆಯೂ ಸೇರಿರೋದನ್ನ ಡಾಕ್ಟ್ರ ಹತ್ರ ಕೇಳಿ ಹಾಕಿಸಿ.

ಇನ್ನು ಕಾಯಿಲೆಯ ಗುರುತು. ಬೆನ್ನು ಗೂನು ಮಾಡಿ ನಿಲ್ಲೋದು, ಎತ್ತಿದ್ರೆ ಅರಚೋದು, ನಡುಗೋದು, ಮೆಟ್ಟಿಲ ಹತ್ರ ಹಿಂಜರಿಯೋದು, ಹಿಂಗಾಲು ತೂರಾಡೋದು, ಪಾದ ಮಡಚಿ ಎಳೆಯೋದು. ಇಷ್ಟರಲ್ಲಿ ಒಂದು ಕಂಡ್ರೂ ಓಡಾಟ ನಿಲ್ಲಿಸಿ, ಚಿಕ್ಕ ಜಾಗದಲ್ಲಿ ಕೂಡಿಹಾಕಿ, ಅವತ್ತೇ ಪಶುವೈದ್ಯರಿಗೆ ತೋರಿಸಿ. ಎಣ್ಣೆ ಹಚ್ಚಿ ಉಳುಕು ತೆಗೆಸೋಕೆ ಹೋಗಬೇಡಿ, ಒಡೆದ ಡಿಸ್ಕ್ ಇನ್ನಷ್ಟು ಒತ್ತುತ್ತೆ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷ ಆಗಬಹುದು. ಸುಮಾರಾಗಿ ಬಂದಿದ್ದರೆ ವೈದ್ಯರ ಔಷಧಿ ಮತ್ತು ನಾಲ್ಕಾರು ವಾರ ಕಟ್ಟುನಿಟ್ಟಿನ ವಿಶ್ರಾಂತಿಯಿಂದ ಬಹಳ ನಾಯಿಗಳು ಎದ್ದು ನಡೀತವೆ. ಕಾಲು ಪೂರ್ತಿ ಬಿದ್ದಿದ್ದರೆ ಆಪರೇಷನ್ ಬೇಕಾಗಬಹುದು. ಕಾಲ್ಬೆರಳು ಗಟ್ಟಿಯಾಗಿ ಚಿವುಟಿದ್ರೂ ನೋವು ಗೊತ್ತಾಗದ ಸ್ಥಿತಿಗೆ ಬಂದಿದ್ರೆ ಒಂದೊಂದು ಗಂಟೆಯೂ ಲೆಕ್ಕ. ನಾಳೆ ನೋಡೋಣ ಅನ್ನಬೇಡಿ.

ಕೊನೇದಾಗಿ ಮರಿ ವಿಚಾರ. ಗಂಡು ನಾಯಿ ಚೆನ್ನಾಗಿದೆ ಅಂತ ಅಕ್ಕಪಕ್ಕದ ಊರಿಗೆಲ್ಲ ಕ್ರಾಸಿಂಗ್‌ಗೆ ಕಳಿಸ್ತೀವಿ, ಬೆನ್ನು ವಿಚಾರಿಸೋರು ಇಲ್ಲ. ಫಿನ್ಲೆಂಡ್, ಡೆನ್ಮಾರ್ಕ್‌ನಂಥ ದೇಶಗಳಲ್ಲಿ ಎರಡು ವರ್ಷ ತುಂಬಿದ ಮೇಲೆ ಬೆನ್ನಿನ ಎಕ್ಸ್‌ರೇ ತೆಗೆದು, ಸುಣ್ಣಗಟ್ಟಿದ ಡಿಸ್ಕ್ ಎಣಿಸಿ, ಕಡಿಮೆ ಇರೋದನ್ನ ತಳಿಗೆ ಆರಿಸ್ತಾರೆ. ನಮಗೆ ಅಷ್ಟಾಗದಿದ್ರೂ, ಮರಿ ತರುವಾಗ ತಾಯಿ ನಾಯಿ ನಡೆಯೋದನ್ನ ಕಣ್ಣಾರೆ ನೋಡಿ, ಅದರ ಅಪ್ಪ ಅಮ್ಮನಿಗೆ ಕಾಲು ಬಿದ್ದಿತ್ತಾ ಅಂತ ಕೇಳಿ. ಒಮ್ಮೆ ಬೆನ್ನು ಕೆಟ್ಟ ನಾಯಿಯಿಂದ ಮರಿ ತೆಗೀಬೇಡಿ. ರೋಗ ಬಿದ್ದ ತೆನೆಯಿಂದ ನಾವು ಬೀಜ ಎತ್ತಿಡಲ್ಲ ತಾನೇ?