ಬಟ್ಟೆಯ ಗುರುತು ಮತ್ತು ಕೊಳ್ಳುವವರ ಅರಿವು

ಬಟ್ಟೆಯನ್ನು ಕೊಳ್ಳುವವರು ತಾವು ಕೊಳ್ಳುತ್ತಿರುವುದು ಯಾವ ನೂಲಿನದೆಂಬುದನ್ನು ಹೇಗೆ ತಿಳಿಯುತ್ತಾರೆ? ಕೊಂಡ ಬಟ್ಟೆ ಒಗೆತದಲ್ಲಿ ಕೆಟ್ಟರೆ ಹೊಣೆ ಯಾರದು? ನಮ್ಮ ಆರ್ಥಿಕ ಇತಿಹಾಸವನ್ನು ಬರೆದವರು ನೇಯುವವರನ್ನೂ ವರ್ತಕರನ್ನೂ ಕುರಿತು ಬಹಳವಾಗಿ ವಿಚಾರಮಾಡಿದ್ದಾರೆ; ಉಟ್ಟವರನ್ನೂ ಒಗೆದವರನ್ನೂ ಕುರಿತು ಹೇಳಿರುವುದು ಅಲ್ಪ. ಈ ಪ್ರಶ್ನೆಗಳಿಗೆ ನಮ್ಮನ್ನು ಎಳೆದುದು ಮನೆಯ ಒಂದು ನಷ್ಟವೇ. ಸೆರಗು ಅಪ್ಪಟ ರೇಷ್ಮೆಯದೆಂಬ ಅಂಗಡಿಯವನ ಮಾತನ್ನು ನಂಬಿ ತಂದ ಇಳಕಲ್ ಸೀರೆಯೊಂದು ಮೊದಲನೆಯ ಒಗೆತದಲ್ಲಿಯೇ ಸೆರಗಿನ ಕೆಂಪನ್ನು ಒಡಲಿಗೆಲ್ಲ ಹರಡಿಕೊಂಡಿತು. ಅದರ ಮೇಲೆ ಬೆಲೆಯ ಚೀಟಿಯಿತ್ತು. ನೂಲಿನ ವಿವರವಾಗಲಿ ಒಗೆಯುವ ಕ್ರಮವಾಗಲಿ ಇರಲಿಲ್ಲ.

ಪ್ರಾಚೀನ ಗ್ರಂಥಕಾರರು ಈ ವಿಷಯವನ್ನು ಉಪೇಕ್ಷಿಸಿರಲಿಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಪತ್ತೆಹಚ್ಚಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಅಗಸರನ್ನು ಕುರಿತ ನಿಯಮಗಳಿವೆ. ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆಯೇ ಒಗೆಯಬೇಕು. ಬೇರೆಡೆ ಒಗೆದರೆ ಬಟ್ಟೆಗಾದ ಹಾನಿಯನ್ನು ತುಂಬಿಕೊಡುವುದಲ್ಲದೆ ಆರು ಪಣ ದಂಡ ತೆರಬೇಕು. ಅಗಸನ ಸ್ವಂತ ಉಡುಪಿಗೆ ಮುದ್ಗರದ ಗುರುತಿರಬೇಕು. ಆ ಗುರುತಿಲ್ಲದ ಬಟ್ಟೆಯನ್ನು ಉಟ್ಟರೆ ಮೂರು ಪಣ ದಂಡ. ತಿಳಿಬಣ್ಣದ ಬಟ್ಟೆಯನ್ನು ಐದು ರಾತ್ರಿಗಳಲ್ಲಿ, ನೀಲಿಯದನ್ನು ಆರು ರಾತ್ರಿಗಳಲ್ಲಿ, ಅರಗು ಮಂಜಿಷ್ಠಗಳ ಬಣ್ಣದ್ದನ್ನು ಏಳು ರಾತ್ರಿಗಳಲ್ಲಿ ಹಿಂದಿರುಗಿಸಬೇಕು, ತಡವಾದರೆ ಕೂಲಿಯಿಲ್ಲ. ಬಣ್ಣದ ಬಗ್ಗೆ ವ್ಯಾಜ್ಯ ಹುಟ್ಟಿದಲ್ಲಿ ಕೂಲಿಯನ್ನು ಕುಶಲರಾದವರು ಗೊತ್ತುಮಾಡಬೇಕು. ಮೊದಲ ಒಗೆತದಲ್ಲಿ ನಾಲ್ಕನೆಯ ಒಂದು ಭಾಗ, ಎರಡನೆಯದರಲ್ಲಿ ಐದನೆಯ ಒಂದು ಭಾಗ ಕ್ಷಯವಾಗುವುದೆಂದು ಸಹ ಲೆಕ್ಕ ಹಾಕಲಾಗಿದೆ. ಇಲ್ಲಿ ಗಮನಾರ್ಹವಾದ ಅಂಶವೊಂದುಂಟು. ಬಟ್ಟೆಯ ಆರೈಕೆಯು ವಿಶೇಷ ವಿದ್ಯೆಯೆಂದೂ ಅದರ ಹೊಣೆ ಆ ವಿದ್ಯೆಯನ್ನು ಬಲ್ಲವನದೆಂದೂ ಶಾಸ್ತ್ರಕಾರನು ಭಾವಿಸಿದನು. ಕೊಂಡವನ ಮೇಲೆ ಅವನು ಹೊರೆ ಹೊರಿಸಲಿಲ್ಲ.

ಈ ವಿದ್ಯೆ ನಮ್ಮ ನಾಡಿನಲ್ಲಿ ಬಹುಕಾಲ ಕೈಯಿಂದ ಕೈಗೆ ನಡೆದುಬಂದಿತು. ಅಗಸರು ಹತ್ತಿಬಟ್ಟೆಯನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಕೇರುಬೀಜದ ರಸದಿಂದ ಮನೆಮನೆಯ ಗುರುತನ್ನು ಹಾಕುತ್ತಿದ್ದರು. ರೇಷ್ಮೆಯನ್ನು ಉಬ್ಬೆಗೆ ಹಾಕದೆ ಅಂಟುವಾಳದ ನೊರೆಯಲ್ಲಿ ಅದ್ದಿ ನೆರಳಿನಲ್ಲಿ ಹರವುವುದು ವಾಡಿಕೆ. ಈ ಭೇದಕ್ಕೆ ಆಧಾರವಿದೆ. ಹತ್ತಿ ಸಸ್ಯದ ನಾರು, ಕ್ಷಾರವನ್ನು ತಾಳಿಕೊಳ್ಳುತ್ತದೆ. ರೇಷ್ಮೆ, ಉಣ್ಣೆಗಳು ಪ್ರಾಣಿಜನ್ಯವಾದವು. ತೀಕ್ಷ್ಣವಾದ ಕ್ಷಾರದಲ್ಲಿ ಅವುಗಳ ಎಳೆ ಸೊರಗುತ್ತದೆ. ಕಾರಣವನ್ನು ಹೇಳಲಾರದವರೂ ಕ್ರಮವನ್ನು ಬಲ್ಲವರಾಗಿದ್ದರು.

ಯಂತ್ರದ ಬಟ್ಟೆ ಬಂದ ಮೇಲೆ ಗುರುತಿನ ಅರ್ಥ ಬದಲಾಯಿತು. ಬ್ರಿಟಿಷ್ ಇಂಡಿಯಾದಲ್ಲಿ 1889ರ ಮರ್ಚಂಡೈಸ್ ಮಾರ್ಕ್ಸ್ ಕಾಯಿದೆಯು ಗಿರಣಿಯ ತಾನುಗಳ ಮೇಲೆ ಉದ್ದವನ್ನು ಗಜಗಳಲ್ಲಿ ಮುದ್ರಿಸಬೇಕೆಂದು ವಿಧಿಸಿತು. ಅಗಸನ ಗುರುತು ಬಟ್ಟೆ ಯಾರದೆಂಬುದನ್ನು ಹೇಳುತ್ತಿದ್ದರೆ, ಗಿರಣಿಯ ಮುದ್ರೆ ಎಷ್ಟೆಂಬುದನ್ನು ಹೇಳಿತು. ಯಾವುದರದೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಕೃತಕ ರೇಷ್ಮೆಯೂ ಆಮೇಲೆ ಪಾಲಿಯೆಸ್ಟರೂ ಬಳಕೆಗೆ ಬಂದಾಗ ಕಣ್ಣೂ ಬೆರಳೂ ಮೋಸಹೋಗತೊಡಗಿದುವು. ಇಳಕಲ್ ಸೀರೆಯೇ ಇದಕ್ಕೆ ಉತ್ತಮ ನಿದರ್ಶನ. ಅದರ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಮಾಡಿ ಎಳೆಗೆ ಎಳೆಯನ್ನು ಕೊಂಡಿಹಾಕಿ ಕೂಡಿಸುವುದು ಅಲ್ಲಿನ ನೇಕಾರರ ವೈಶಿಷ್ಟ್ಯ. ಒಡಲು ಹತ್ತಿಯದು, ಸೆರಗು ರೇಷ್ಮೆಯದು ಆಗಿದ್ದಲ್ಲಿ ಇಡೀ ಸೀರೆಯನ್ನು ರೇಷ್ಮೆಯಂತೆಯೇ ಕಾಣಬೇಕು. ಸೆರಗು ಕೃತಕ ರೇಷ್ಮೆಯದಾದರೆ, ಅದು ಒದ್ದೆಯಾದಾಗ ಬಲಗುಂದುವುದರಿಂದ, ಹಿಂಡುವುದೂ ಉಜ್ಜುವುದೂ ಸಲ್ಲದು.

ಕೊಳ್ಳುವವರಿಗಾಗಿಯೇ ಉದ್ದೇಶಿಸಿದ ಗುರುತುಗಳು ಈಚಿನವು. ನಮ್ಮ ದೇಶದಲ್ಲಿ 1988ರ ಜವಳಿ ಗ್ರಾಹಕ ಸಂರಕ್ಷಣಾ ನಿಯಮಗಳು ಮಿಶ್ರ ನೂಲಿನ ಬಟ್ಟೆಯ ಮೇಲೆ ಆಯಾ ನಾರಿನ ಪ್ರಮಾಣವನ್ನು ಕಾಣಿಸಬೇಕೆಂದು ವಿಧಿಸಿದುವು. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ಶುದ್ಧ ರೇಷ್ಮೆಯನ್ನು ಸೂಚಿಸುವ ಸಿಲ್ಕ್ ಮಾರ್ಕ್ ಆಚರಣೆಗೆ ಬಂದಿತು. ಆರೈಕೆಯ ಸಂಕೇತಗಳನ್ನು ನಾನಾ ದೇಶಗಳಲ್ಲಿ ಏಕರೂಪವಾಗಿಸಲು ಪ್ಯಾರಿಸ್ ನಗರದಲ್ಲಿ 1963ರಲ್ಲಿ ಗಿನೆಟೆಕ್ಸ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಈ ಸಂಕೇತಗಳಲ್ಲಿ ನೀರಿನ ತೊಟ್ಟಿ ಒಗೆತವನ್ನು, ತ್ರಿಕೋಣ ಬಿಳುಪುಕಾರಕವನ್ನು, ಚೌಕ ಒಣಗಿಸುವುದನ್ನು, ಇಸ್ತ್ರಿಪೆಟ್ಟಿಗೆ ಇಸ್ತ್ರಿಯನ್ನು, ವೃತ್ತ ಡ್ರೈಕ್ಲೀನಿಂಗ್ ಮೊದಲಾದ ವೃತ್ತಿಪರ ಶುದ್ಧಿಯನ್ನು ಸೂಚಿಸುತ್ತವೆ. ಅಡ್ಡಗೆರೆಗಳಿಂದ ಕೊರೆದಿದ್ದರೆ ಅದು ನಿಷಿದ್ಧ. ಇಸ್ತ್ರಿಪೆಟ್ಟಿಗೆಯಲ್ಲಿನ ಚುಕ್ಕೆ ಹೆಚ್ಚಿದಂತೆ ಶಾಖವೂ ಹೆಚ್ಚು.

ಚೀಟಿಯಿಲ್ಲದ ಬಟ್ಟೆಗೆ ಹಳೆಯ ಪರೀಕ್ಷೆಗಳೇ ಗತಿ. ಅಂಚಿನ ಒಂದೆರಡು ಎಳೆಗಳನ್ನು ಕಿತ್ತು ಸುಟ್ಟರೆ ರೇಷ್ಮೆಯಲ್ಲಿ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯೂ ಕೃತಕ ರೇಷ್ಮೆಯೂ ಕಾಗದದಂತೆ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿಮಣಿಯಾಗುತ್ತದೆ. ಬಣ್ಣದ ವಿಚಾರದಲ್ಲಿ ಒದ್ದೆಮಾಡಿದ ಬಿಳಿಯ ಅರಿವೆಯಿಂದ ಸೆರಗಿನ ಒಂದು ಮೂಲೆಯನ್ನು ತೀಡಿ ನೋಡುವುದು ಲೇಸು. ಅಷ್ಟನ್ನು ಮಾಡಿದ್ದರೆ ನಮ್ಮ ಮನೆಯ ಸೀರೆ ಉಳಿಯುತ್ತಿತ್ತು.

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಬಟ್ಟೆಯ ಹೊಣೆ ಕಾಲಕ್ರಮದಲ್ಲಿ ಕುಶಲನಿಂದ ಕೊಂಡವರಿಗೆ ಜಾರಿದೆ. ಅಗಸನಿಗೆ ಶಾಸ್ತ್ರವು ದಂಡ ವಿಧಿಸಿತ್ತು, ಅದರೊಡನೆ ಅವನ ಕೌಶಲವನ್ನು ಮನ್ನಿಸಿಯೂ ಇತ್ತು. ಇಂದು ಮನೆಯಲ್ಲಿ ಒಗೆಯುವವರು ಹೆಚ್ಚಾಗಿ ಹೆಂಗಸರು; ಬಟ್ಟೆ ಕೆಟ್ಟರೆ ದೂರು ಅವರ ಮೇಲೆ. ನೂಲಿನ ನಿಜವನ್ನು ಮುಚ್ಚಿಟ್ಟು ಆರೈಕೆಯ ಹೊಣೆಯನ್ನು ಮಾತ್ರ ಕೊಂಡವರಿಗೆ ಒಪ್ಪಿಸುವುದು ನ್ಯಾಯವಲ್ಲ. ಮಾರುವವನು ನಿಜವನ್ನು ಬರೆದುಕೊಡಲಿ. ಕೊಳ್ಳುವವರು ಕೇಳಿ ಬರೆಯಿಸಿಕೊಳ್ಳಲಿ. ಇತಿಹಾಸವು ಈ ವಿಷಯದಲ್ಲಿ ನಮಗೆ ಹೇಳುವುದು ಇಷ್ಟೆ.